ಪ್ರಳಯದ ಸಿನಿಮಾ, ನೀರಿನ ಕೊಡ

ಪ್ರಳಯವೆಂದರೆ ನಮಗೇನೂ ಹೊಸದಲ್ಲ. ಮನುವಿನ ದೋಣಿ, ಅದನ್ನು ಎಳೆದುಕೊಂಡು ಹೋದ ಮೀನು, ಆಲದೆಲೆಯ ಮೇಲೆ ತೇಲಿ ಬಂದ ಕೂಸು! ಅಜ್ಜಿಯ ತೊಡೆಯ ಮೇಲೆ ಮಲಗಿಕೊಂಡೇ ನಾವೆಲ್ಲ ಒಂದು ಸಲ ಲೋಕ ಮುಳುಗುವುದನ್ನು ನೋಡಿ ಮುಗಿಸಿದವರು. ಪ್ರಳಯದ ಕಥೆಯಲ್ಲಿರುವ ಸುಖವೇನೆಂದರೆ, ಅದರಲ್ಲಿ ಕೇಳುವವರು ಮಾಡಬೇಕಾದ ಕೆಲಸ ಏನೂ ಇರುವುದಿಲ್ಲ. ದೋಣಿ ಕಟ್ಟುವವನು ಬೇರೆ, ದಾರಿ ತೋರುವವನು ಬೇರೆ; ನಾವು ಹೂಂಗುಟ್ಟಿದರೆ ಸಾಕು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ಇವತ್ತು ತಯಾರಾಗುತ್ತಿರುವ ಬಹುಪಾಲು ಸಿನಿಮಾಗಳು ನಮಗೆ ಕೊಡುತ್ತಿರುವುದೂ ಇದೇ ಸುಖವನ್ನು ಎಂಬುದು ನನ್ನ ತಕರಾರು. ಅವು ನಮ್ಮನ್ನು ಎಚ್ಚರಿಸುತ್ತಿಲ್ಲ, ಹೂಂಗುಟ್ಟಿಸುತ್ತಿವೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸಿನಿಮಾದ ಮೇಲೆ ನನಗೆ ದ್ವೇಷವಿಲ್ಲ. ಉತ್ತರಪತ್ರಿಕೆಗಳ ಕಟ್ಟು ಮುಂದೆ ಬಿದ್ದಿರುವಾಗಲೂ ರಾತ್ರಿ ಒಂದು ಸಿನಿಮಾ ನೋಡಿಯೇ ಮಲಗುವ ಜಾತಿ ನನ್ನದು. ಜೂನ್ 5 ಬಂತೆಂದರೆ ಈಗ ಎಷ್ಟೋ ಶಾಲೆಗಳಲ್ಲಿ ಗಿಡ ನೆಡುವುದರ ಜೊತೆಗೆ ಪರಿಸರದ ಸಿನಿಮಾ ತೋರಿಸುವುದೂ ಒಂದು ಆಚರಣೆಯಾಗಿದೆ. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ಗಿಡ ನೆಡುವ ಹಾಗೆ, ಹೋದ ವರ್ಷದ ಸಿನಿಮಾವನ್ನೇ ಈ ವರ್ಷವೂ ಹಾಕುತ್ತಾರೆ. ಅಂಥ ಒಂದು ದಿನ ಮಕ್ಕಳು ನೋಡಿದ್ದು 2004ರಲ್ಲಿ ಬಂದ 'ದಿ ಡೇ ಆಫ್ಟರ್ ಟುಮಾರೊ'. ರೋಲಂಡ್ ಎಮರಿಕ್ ನಿರ್ದೇಶಿಸಿದ ಚಿತ್ರ. ನ್ಯೂಯಾರ್ಕ್ ಶಹರದೊಳಗೆ ಸಮುದ್ರ ನುಗ್ಗುತ್ತದೆ, ಮೂರು ದಿನ ಕಳೆಯುವುದರೊಳಗೆ ಅದೇ ಶಹರ ಹಿಮದ ಗಡ್ಡೆಯಾಗುತ್ತದೆ. ಸಿನಿಮಾ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಿರಾಳವಾಗಿ ಕೇಳಿದಳು: "ಮಿಸ್, ಇದು ಅಮೆರಿಕದಲ್ಲಿ ಆಗೋದು ಅಲ್ವಾ? ನಮ್ಮ ಕಡೆ ಹಿಮ ಎಲ್ಲಿದೆ?"

ಈ ಹುಡುಗಿ ಮಾರ್ಚ್ ತಿಂಗಳಿಡೀ ವಾರಕ್ಕೆ ಎರಡು ದಿನ ಮೊದಲ ಪೀರಿಯಡ್ಡಿಗೆ ಬಂದವಳಲ್ಲ. ಅವಳ ಬೀದಿಗೆ ನೀರಿನ ಟ್ಯಾಂಕರ್ ಬರುತ್ತಿದ್ದುದು ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ. ಅಮ್ಮ ಕೆಲಸಕ್ಕೆ ಹೋದರೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವಳು ಮಗಳು. ಅವಳ ಅಣ್ಣ ಮಾತ್ರ ಒಂದು ದಿನವೂ ತಡವಾಗಿ ಬಂದದ್ದಿಲ್ಲ! ತಾನು ಹಿಡಿದ ಕೊಡಕ್ಕೂ ಪರದೆಯ ಮೇಲಿನ ಪ್ರಳಯಕ್ಕೂ ಏನಾದರೂ ನಂಟಿದೆಯೆಂದು ಅವಳಿಗೆ ಅನ್ನಿಸಲೇ ಇಲ್ಲ. ಅನ್ನಿಸುವ ಹಾಗೆ ಸಿನಿಮಾ ಮಾಡಿದವರೂ ಇಲ್ಲ, ಅದನ್ನು ಹಾಗೆ ತೋರಿಸಿದವರೂ ಇಲ್ಲ.

ಮೊದಲು ವಿಜ್ಞಾನದ ಮಾತನ್ನೇ ಆಡಿಬಿಡೋಣ. ಆ ಚಿತ್ರದಲ್ಲಿ ಆಕಾಶದ ಬಹಳ ಎತ್ತರದಿಂದ ಅತಿ ತಣ್ಣನೆಯ ಗಾಳಿ ದಬದಬನೆ ಕೆಳಗಿಳಿದು ಮನುಷ್ಯರನ್ನು ನಿಂತಲ್ಲೇ ಹೆಪ್ಪುಗಟ್ಟಿಸುತ್ತದೆ. ನಿಮ್ಮ ಮಗನ ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಮೇಲಿನ ಗಾಳಿ ಕೆಳಗಿಳಿದಂತೆಲ್ಲ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಲೇಬೇಕು. ಅಟ್ಲಾಂಟಿಕ್ ಸಾಗರದಲ್ಲಿ ಬಿಸಿನೀರನ್ನು ಉತ್ತರಕ್ಕೆ ಒಯ್ಯುವ ಪ್ರವಾಹ ದುರ್ಬಲವಾದೀತೆಂಬ ಆತಂಕ ವಿಜ್ಞಾನಿಗಳಿಗೆ ನಿಜವಾಗಿಯೂ ಇದೆ. ಆದರೆ ಅದು ದಶಕಗಳ ಲೆಕ್ಕ, ವಾರದ ಲೆಕ್ಕವಲ್ಲ.

ಸಾಕ್ಷ್ಯಚಿತ್ರಗಳೂ ಇಂಥದೇ ಒಂದು ಗೊಂದಲ ಮಾಡುತ್ತವೆ. ಸಮುದ್ರದಲ್ಲಿ ತೇಲುವ ಮಂಜುಗಡ್ಡೆ, ಅದರ ತುದಿಯಲ್ಲಿ ಒಂಟಿ ಬಿಳಿಕರಡಿ, ಹಿನ್ನೆಲೆಯಲ್ಲಿ ಪಿಟೀಲು. ಗಡ್ಡೆ ಕರಗಿತು, ಸಮುದ್ರ ಏರಿತು ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ ನೋಡಬಹುದು. ಒಂದು ಗಾಜಿನ ಲೋಟದ ನೀರಿನಲ್ಲಿ ಐಸು ತೇಲಬಿಡಿ, ಇನ್ನೊಂದು ಲೋಟದಲ್ಲಿ ನೀರಿನಿಂದ ಮೇಲೆದ್ದ ಕಲ್ಲಿನ ಮೇಲೆ ಐಸು ಇಡಿ. ಎರಡಕ್ಕೂ ನೀರಿನ ಮಟ್ಟದ ಗುರುತು ಹಾಕಿ. ತೇಲುವ ಐಸು ಕರಗಿದರೆ ಮಟ್ಟ ಏರುವುದಿಲ್ಲ, ಕಲ್ಲಿನ ಮೇಲಿನದು ಕರಗಿದರೆ ಏರುತ್ತದೆ. ಸಮುದ್ರವನ್ನು ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿನ ಹಿಮ, ಬೆಟ್ಟಗಳ ಹಿಮನದಿ, ಜೊತೆಗೆ ಬಿಸಿಯಾಗಿ ಹಿಗ್ಗುವ ಸಮುದ್ರದ ನೀರೇ. ಎರಡು ಲೋಟ ಹೇಳುವ ಸತ್ಯವನ್ನು ಕೋಟಿಗಟ್ಟಲೆ ಖರ್ಚಿನ ಕ್ಯಾಮೆರಾ ಹೇಳದೆ ಹೋದರೆ ಅದನ್ನು ಪಾಠವೆಂದು ಹೇಗೆ ಕರೆಯುವುದು?

ಆದರೆ ಲೆಕ್ಕದ ತಪ್ಪುಗಳಿಗಾಗಿ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನನ್ನ ಜಗಳ ಇನ್ನೂ ಆಳದ್ದು. ಪಠ್ಯಪುಸ್ತಕದಲ್ಲಿ ನಾವು ಎರಡು ಪದ ಕಲಿಸುತ್ತೇವೆ: ಹವಾಮಾನ ಮತ್ತು ವಾಯುಗುಣ. ಹವಾಮಾನ ಇವತ್ತಿನ ಮಾತು. ವಾಯುಗುಣ ಮೂವತ್ತು ವರ್ಷದ ಸರಾಸರಿ. ಹವಾಮಾನ ಅತ್ತೆಯ ಇವತ್ತಿನ ಸಿಟ್ಟು, ವಾಯುಗುಣ ಅತ್ತೆಯ ಸ್ವಭಾವ ಎಂದರೆ ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಈಗ ಬದಲಾಗುತ್ತಿರುವುದು ಸ್ವಭಾವ. ಎರಡು ಗಂಟೆಯ ಸಿನಿಮಾಕ್ಕೆ ತೋರಿಸಲು ಸುಲಭವಾಗುವುದು ಸಿಟ್ಟು. ಹಾಗಾಗಿ ಅದು ನಿಧಾನವಾದದ್ದನ್ನೆಲ್ಲ ಕತ್ತರಿಸಿ ಎಸೆದು ಅಬ್ಬರವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಾಗೆ ಕತ್ತರಿಸಿ ಎಸೆದದ್ದರಲ್ಲೇ ಹೆಂಗಸರ ಬದುಕಿನ ಮುಕ್ಕಾಲು ಪಾಲು ಇದೆ.

2025ರ ಬೇಸಿಗೆ ರಜೆಯಲ್ಲಿ ನಾನು ಎರಡು ಕಡೆ ಹೋಗಿದ್ದೆ. ಗಂಗೋತ್ರಿಗೆ ಹೋಗಿ ಹಿಮ ಕರಗುವುದನ್ನು ನೋಡುವ ಯೋಗ ನನ್ನ ಸಂಬಳಕ್ಕಿಲ್ಲ. ಏಪ್ರಿಲ್ ಕೊನೆಯಲ್ಲಿ ರಾಯಚೂರು ಜಿಲ್ಲೆಯ ಒಂದು ಊರಿಗೆ, ಚಿಕ್ಕಮ್ಮನ ಮಗಳ ಮನೆಗೆ ಹೋದೆ. ಆ ಕಡೆಯ ಬಿಸಿಲನ್ನು ಸರ್ಕಾರವೂ ಬಲ್ಲದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿಯಿದೆ. 2025ರಲ್ಲೂ ಹಾಗೇ ಆಯಿತು. ಒಳ್ಳೆಯ ಪದ್ಧತಿ, ನನ್ನ ಆಕ್ಷೇಪವಿಲ್ಲ. ಆದರೆ ನನ್ನ ತಂಗಿಯ ಗಂಡ ಕಚೇರಿಗೆ 8ಕ್ಕೆ ಹೋಗಬೇಕೆಂದರೆ ಅವಳು ಒಲೆ ಹಚ್ಚುವುದು 5ಕ್ಕೆ. ಅವನು ಎರಡಕ್ಕೆ ಮರಳಿ ಬಂದಾಗ ಬಿಸಿ ರೊಟ್ಟಿ ಆಗಬೇಕು. ಅಂದರೆ ಸರ್ಕಾರ ಯಾವ ಹೊತ್ತಿನ ಬಿಸಿಲು ಮನುಷ್ಯರಿಗೆ ಸಲ್ಲದೆಂದು ಕಚೇರಿಯ ಬಾಗಿಲು ಹಾಕಿಸಿತೋ ಸರಿಯಾಗಿ ಅದೇ ಹೊತ್ತಿಗೆ ಅವಳು ತಗಡಿನ ಮಾಡಿನ ಅಡುಗೆಮನೆಯಲ್ಲಿ ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತಿರುತ್ತಾಳೆ! ಬಿಸಿಲಿಗೆ ಕಚೇರಿಯ ಗಡಿಯಾರ ಬದಲಾಯಿತು, ಅಡುಗೆಮನೆಯದು ಬದಲಾಗಲಿಲ್ಲ. ಇದನ್ನು ತೋರಿಸಿದ ಒಂದು ಹವಾಮಾನದ ಸಿನಿಮಾ ನನಗೆ ಹೇಳಿ.

ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೆಂಗಸರಿಗೆ ಆ ಹಿಮದ ಸಿನಿಮಾದ ಕಥೆ ಹೇಳಿದೆ. ಪಕ್ಕದ ಮನೆಯಾಕೆ ಪೂರ್ತಿ ಕೇಳಿಸಿಕೊಂಡು, "ಪ್ರಳಯ ಒಮ್ಮಿ ಬರ್ತದ, ಹೋಗ್ತದ ಬಿಡ್ರಿ ಅಕ್ಕಾರ. ನಮ್ಮ ನಳದಾಗ ಎಂಟು ದಿನಕ್ಕೊಮ್ಮಿ ನೀರು ಬರ್ತಾವ. ಅದನ್ನ ಯಾರ್ ಸಿನಿಮಾ ತೆಗೀತಾರ?" ಎಂದರು. ಸಿನಿಮಾ ವಿಮರ್ಶೆ ಇದಕ್ಕಿಂತ ಚೆನ್ನಾಗಿ ಮಾಡಲು ನನಗೆ ಬರುವುದಿಲ್ಲ.

ಮೇ ಕೊನೆಯ ವಾರ ಉಳ್ಳಾಲದ ಕಡೆ, ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋದೆ. ಮುಂಗಾರು ಆ ವರ್ಷ ಮೇ 24ಕ್ಕೇ ಕೇರಳ ಮುಟ್ಟಿತ್ತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಒಂದು ವರ್ಷದ ಮಳೆ ಹಿಡಿದುಕೊಂಡು ವಾಯುಗುಣವೇ ಬದಲಾಯಿತೆನ್ನುವುದು ವಿಜ್ಞಾನವಲ್ಲ, ನಾನು ಹಾಗೆ ಹೇಳಲಾರೆ. ಆದರೆ ಸಮುದ್ರದ ಲೆಕ್ಕ ಒಂದು ವರ್ಷದ್ದಲ್ಲ. ಉಪಗ್ರಹಗಳು ಅಳೆಯತೊಡಗಿದ 1993ರಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ಸುಮಾರು 10 ಸೆಂಟಿಮೀಟರು ಏರಿದೆ. ನಮ್ಮ ಅಳತೆಯಲ್ಲಿ ಅರ್ಧ ಗೇಣು. ಅರ್ಧ ಗೇಣಿನ ಮೇಲೆ ಸಿನಿಮಾ ಮಾಡಿದರೆ ಟಿಕೆಟ್ಟು ಯಾರು ಕೊಳ್ಳುತ್ತಾರೆ? ಆದರೆ ಕಡಲಂಚಿನಲ್ಲಿರುವವರಿಗೆ ಅರ್ಧ ಗೇಣು ಸಣ್ಣದಲ್ಲ. ಅಲ್ಲಿ ಅಂಗಳದಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬರು, ಸೂಪಿನ ಮೇಲಿನ ಎಲೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: "ನಾಲ್ಕು ತೆಂಗಿನ ಮರ ಹೋಯ್ತು ಟೀಚರೇ. ಮರ ಹೋದ್ರೆ ಹೋಗ್ಲಿ, ಬಾವಿ ನೀರೇ ಉಪ್ಪಾಗಿದೆ. ಈಗ ಕುಡಿಯುವ ನೀರಿಗೆ ರಸ್ತೆ ದಾಟಿ ಆಚೆ ಹೋಗ್ಬೇಕು."

ಕಡಲ್ಕೊರೆತಕ್ಕೂ ಉಪ್ಪಿನ ಬಾವಿಗೂ ಸಮುದ್ರ ಏರಿದ್ದೊಂದೇ ಕಾರಣವಲ್ಲ. ಅಳಿವೆಯ ಬಾಯಿಗೆ ಕಟ್ಟಿದ ಕಲ್ಲಿನ ಗೋಡೆಗಳು ಮರಳಿನ ಚಲನೆಯನ್ನು ತಡೆಯುತ್ತವೆ. ಮಿತಿಮೀರಿ ಪಂಪು ಹಾಕಿ ಎತ್ತಿದಲ್ಲಿ ಸಿಹಿನೀರಿನ ಜಾಗಕ್ಕೆ ಉಪ್ಪುನೀರು ಸರಿದು ಬರುತ್ತದೆ. ಆ ಕಾರಣಗಳ ಜೊತೆಗೆ ಅರ್ಧ ಗೇಣೂ ಸೇರಿಕೊಳ್ಳುತ್ತದೆ. ಹವಾಮಾನ ಬದಲಾವಣೆ ಬರುವುದು ಹೀಗೆ: ಒಂಟಿಯಾಗಿ, ಡೋಲು ಹೊಡೆದುಕೊಂಡು ಅಲ್ಲ, ಮೊದಲೇ ಇದ್ದ ಕಷ್ಟದ ಕೈ ಹಿಡಿದುಕೊಂಡು. ಬಡತನವಿದ್ದಲ್ಲಿ ಬಡತನದ ಜೊತೆ, ಪುರಸಭೆಯ ಅಸಡ್ಡೆ ಇದ್ದಲ್ಲಿ ಅಸಡ್ಡೆಯ ಜೊತೆ. ಅದಕ್ಕೇ ನಮಗೆ ಅದರ ಗುರುತು ಸಿಗುವುದಿಲ್ಲ. ಗುರುತು ಹಿಡಿಯಲು ಕಲಿಸಬೇಕಾದ ಸಿನಿಮಾ ನಮಗೆ ಬೇರೆ ಯಾವುದೋ ಮುಖ ತೋರಿಸಿ, ಇದು ಬಂದರೆ ಮಾತ್ರ ಹೆದರು ಎನ್ನುತ್ತಿದೆ.

ಇನ್ನು 'ನಾವು' ಎಂಬ ಮಾತಿಗೆ ಬರುತ್ತೇನೆ. 2006ರಲ್ಲಿ ಬಂದ 'ಆ್ಯನ್ ಇನ್‌ಕನ್ವೀನಿಯೆಂಟ್ ಟ್ರೂತ್' ಎಂಬ ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಒಳ್ಳೆಯ ಮೇಷ್ಟರ ಹಾಗೆ ಪಾಠ ಮಾಡುತ್ತಾರೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಗೆರೆ ಎಷ್ಟು ಮೇಲೆ ಹೋಗಲಿದೆಯೆಂದು ತೋರಿಸಲು ಅವರು ಯಂತ್ರದ ಏಣಿ ಹತ್ತುವ ದೃಶ್ಯವನ್ನು ನಾನು ತರಗತಿಯಲ್ಲಿ ನೆನೆಯುತ್ತಿರುತ್ತೇನೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಹತ್ತು ಲಕ್ಷಕ್ಕೆ 280 ಭಾಗದಷ್ಟಿದ್ದ ಆ ಅನಿಲ ಈಗ 420 ದಾಟಿದೆ. ಆದರೆ ಚಿತ್ರದ ಕೊನೆಯಲ್ಲಿ ಹೆಸರುಗಳ ನಡುನಡುವೆ ಉಪದೇಶಗಳು ಬರುತ್ತವೆ: ಬಲ್ಬು ಬದಲಾಯಿಸಿ, ಮನೆಯ ಥರ್ಮೋಸ್ಟ್ಯಾಟ್ ಸರಿಪಡಿಸಿ, ಸಾಧ್ಯವಾದರೆ ಹೈಬ್ರಿಡ್ ಕಾರು ಕೊಳ್ಳಿ. ಇದನ್ನು ನೋಡಿ ಬಂದ ನಮ್ಮ ಭಾಷಣಕಾರರು ಮಹಿಳಾ ಸಮಾಜಗಳಲ್ಲಿ ಹೇಳುತ್ತಾರೆ: "ತಾಯಂದಿರೇ, ಫ್ಯಾನಿನ ಸ್ವಿಚ್ಚು ಆರಿಸಿ, ಭೂಮಿ ಉಳಿಸಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ? ಅಮೆರಿಕದ ಒಬ್ಬ ಪ್ರಜೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡಿಗೆ ಕಾರಣನಾದರೆ ಭಾರತದ ಒಬ್ಬರ ಪಾಲು ಸರಾಸರಿ ಸುಮಾರು 2 ಟನ್. ಆ ಸರಾಸರಿಯೊಳಗೂ ಮೋಸವಿದೆ. ಮನೆಗೆ ಮೂರು ಏಸಿ, ಎರಡು ಕಾರು ಇಟ್ಟವರ ಲೆಕ್ಕವನ್ನೂ ರಾಯಚೂರಿನ ತಗಡಿನ ಮನೆಯವರ ಲೆಕ್ಕವನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ ಅದು. ಹೊರೆ ಹಂಚುವಾಗ ಮಾತ್ರ 'ನಾವೆಲ್ಲರೂ', ಉಂಡು ತೇಗುವಾಗ ಬೇರೆ ಬೇರೆ ಎಲೆ!

ಈ ಮಾತನ್ನು ಪರದೆಯ ಮೇಲೆಯೇ ಮುಖಕ್ಕೆ ಹೊಡೆದಂತೆ ಹೇಳಿದವರು ಒಬ್ಬ ಹೆಂಗಸು. 2016ರ 'ಬಿಫೋರ್ ದಿ ಫ್ಲಡ್' ಚಿತ್ರದಲ್ಲಿ ನಟ ಲಿಯೊನಾರ್ಡೊ ಡಿಕಾಪ್ರಿಯೊ ದೆಹಲಿಗೆ ಬಂದಾಗ ನಮ್ಮ ಸುನೀತಾ ನಾರಾಯಣ್, ಅಮೆರಿಕದವರ ಬಳಕೆಯ ಅಂಕಿಗಳನ್ನು ಮುಂದಿಟ್ಟು, ಮೊದಲು ನಿಮ್ಮ ಜೀವನಶೈಲಿಯ ಮಾತಾಡಿ ಎಂಬರ್ಥದಲ್ಲಿ ನೇರವಾಗಿ ಹೇಳುತ್ತಾರೆ. ಇಡೀ ಚಿತ್ರದಲ್ಲಿ ನನಗೆ ಉಳಿದದ್ದು ಆ ಕೆಲವು ನಿಮಿಷಗಳೇ. 2021ರ 'ಡೋಂಟ್ ಲುಕ್ ಅಪ್' ಚಿತ್ರ ಇದಕ್ಕೆ ವಿರುದ್ಧ. ಅದರಲ್ಲಿ ಹವಾಮಾನ ಬದಲಾವಣೆಗೆ ರೂಪಕವಾಗಿ ಒಂದು ಧೂಮಕೇತು ಬರುತ್ತದೆ. ಅದನ್ನು ಕಂಡುಹಿಡಿದ ಯುವತಿ ಟೀವಿಯಲ್ಲಿ ಗಾಬರಿಯಿಂದ ಕೂಗಿದಾಗ ಲೋಕವೆಲ್ಲ ಅವಳನ್ನು ಹುಚ್ಚಿಯೆಂದು ಗೇಲಿ ಮಾಡುವುದನ್ನು ಚೆನ್ನಾಗಿ ತೋರಿಸಿದ್ದಾರೆ, ಒಪ್ಪುತ್ತೇನೆ. ಆದರೆ ಧೂಮಕೇತುವನ್ನು ಯಾರೂ ಮಾಡಿದ್ದಲ್ಲ, ಅದು ಹೊರಗಿನಿಂದ ಬಂದದ್ದು. ನಮ್ಮ ಬಿಸಿ ಹೊರಗಿನಿಂದ ಬಂದಿಲ್ಲ. ಕಲ್ಲಿದ್ದಲು, ಎಣ್ಣೆ ಸುಟ್ಟ ಚಿಮಣಿಗಳಿಂದ ಬಂದದ್ದು. ಚಿಮಣಿಗೆ ಯಜಮಾನನಿದ್ದಾನೆ. ರೂಪಕ ಅವನ ಹೆಸರನ್ನು ಅಳಿಸಿಬಿಟ್ಟಿತು.

ಹಾಗಾದರೆ ಒಳ್ಳೆಯ ಸಿನಿಮಾ ಇಲ್ಲವೇ? ಇದೆ. ನೀಲಾ ಮಾಧಬ್ ಪಾಂಡಾ ಅವರ 'ಕಡ್ವಿ ಹವಾ' 2017ರಲ್ಲಿ ಬಂತು. ಮಳೆಯಿಲ್ಲದ ಊರಿನ ಕುರುಡ ಮುದುಕನೊಬ್ಬ ಸಾಲದಲ್ಲಿ ಮುಳುಗಿದ ತನ್ನ ಮಗ ಎಲ್ಲಿ ಪ್ರಾಣ ಕಳೆದುಕೊಳ್ಳುತ್ತಾನೋ ಎಂಬ ಹೆದರಿಕೆಯಲ್ಲಿ ಬದುಕುತ್ತಾನೆ. ಸಾಲ ವಸೂಲಿಗೆ ಬರುವವನೂ ಒಡಿಶಾದ ಕರಾವಳಿಯಲ್ಲಿ ಸಮುದ್ರಕ್ಕೆ ಮನೆ ಕಳೆದುಕೊಂಡವನು. ಒಬ್ಬನಿಗೆ ನೀರಿಲ್ಲ, ಒಬ್ಬನಿಗೆ ನೀರೇ ಶತ್ರು. ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದು ಸಾಲ. ಕಟ್ಟಡ ಬೀಳುವುದಿಲ್ಲ, ಅಲೆ ಏಳುವುದಿಲ್ಲ, ಆದರೂ ಎದೆ ಭಾರವಾಗುತ್ತದೆ. ನಮ್ಮ ಊರುಗಳ ಟಾಕೀಸಿನಲ್ಲಿ ಇದನ್ನು ಎಷ್ಟು ಜನ ನೋಡಿದರು? ಶಾಲೆಗಳಲ್ಲಿ ತೋರಿಸಿದವರು ಯಾರು? ನಮ್ಮ ಮಕ್ಕಳಿಗೆ ನ್ಯೂಯಾರ್ಕ್ ಮುಳುಗಿದ್ದು ಗೊತ್ತು, ಇದು ಗೊತ್ತಿಲ್ಲ.

ಗೊತ್ತಿರಬೇಕಾದ ಇನ್ನೊಂದು ಹೆಸರನ್ನು ನಾನು ಈ ದೊಡ್ಡ ಚಿತ್ರಗಳಲ್ಲಿ ಎಲ್ಲೂ ಕಂಡಿಲ್ಲ. ಯೂನಿಸ್ ಫೂಟ್. ಅಮೆರಿಕದ ಈ ಹೆಂಗಸು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಹಿಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಉಳಿದವುಗಳಿಗಿಂತ ಹೆಚ್ಚು ಕಾಯಿತು, ಆರಲು ಬಹಳ ಹೆಚ್ಚು ಹೊತ್ತು ಹಿಡಿಯಿತು. ಇಂಥ ಗಾಳಿಯಿದ್ದರೆ ಭೂಮಿಯೇ ಬಿಸಿಯಾಗುತ್ತದೆಂದು ಅವಳು ಬರೆದಳು. ಅದು 1856. ಅಮೆರಿಕದ ವಿಜ್ಞಾನಿಗಳ ಸಭೆಯಲ್ಲಿ ಆ ಪ್ರಬಂಧವನ್ನು ಓದಿದವಳು ಅವಳಲ್ಲ, ಜೋಸೆಫ್ ಹೆನ್ರಿ ಎಂಬ ಗಂಡಸು. 1859ರಲ್ಲಿ ಪ್ರಯೋಗ ಮಾಡಿದ ಟಿಂಡಾಲ್‌ಗೆ ಕೀರ್ತಿ ಬಂತು, ಇವಳು ಸುಮಾರು ಒಂದೂವರೆ ಶತಮಾನ ಮರೆತುಹೋದಳು. ಇದೇ ಹೆಂಗಸು 1848ರಲ್ಲಿ ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಮಹಿಳೆಯರ ಹಕ್ಕುಗಳ ಘೋಷಣೆಗೆ ಸಹಿ ಹಾಕಿದವಳೂ ಹೌದು. ಲೋಕ ಉಳಿಸುವ ವಿಜ್ಞಾನಿಯೆಂದರೆ ಹಿಮದಲ್ಲಿ ಮಗನನ್ನು ಹುಡುಕುತ್ತ ಹೊರಟ ಗಂಡಸೇ ಯಾಕಾಗಬೇಕು?

"ಏನೂ ತೋರಿಸದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ? ಹೆದರಿಕೆಯಿಂದಲಾದರೂ ಜನ ಏಳುತ್ತಾರೆ" ಎಂದು ನನ್ನ ಸಹೋದ್ಯೋಗಿಗಳು ವಾದಿಸುತ್ತಾರೆ. ಹೆದರಿಕೆ ಒಳ್ಳೆಯದೇ, ಅದಕ್ಕೊಂದು ಹಿಡಿಕೆ ಇದ್ದರೆ. ಬಿಸಿ ಪಾತ್ರೆಯನ್ನು ಇಕ್ಕಳವಿಲ್ಲದೆ ಕೊಟ್ಟರೆ ಮನುಷ್ಯರು ಮಾಡುವುದು ಒಂದೇ, ಕೈಬಿಡುತ್ತಾರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾಮಾನ್ಯ ವರ್ಷಕ್ಕಿಂತ 1300ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಆ ನಗರ ಬಿಸಿಲು ನಿಭಾಯಿಸುವ ಯೋಜನೆಯೊಂದನ್ನು ಮಾಡಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಮುನ್ನೆಚ್ಚರಿಕೆ ಕೊಡುವುದು, ಕುಡಿಯುವ ನೀರಿನ ಏರ್ಪಾಡು, ಆಸ್ಪತ್ರೆಯವರಿಗೆ ತರಬೇತಿ. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ ಬಳಿಯುವುದೂ ಸೇರಿತು. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ; ಸುಣ್ಣದ ಗೋಡೆಯ ಮನೆಯಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ಯಾಕೆ ದೊಡ್ಡ ಸಿನಿಮಾ ಬರಲಿಲ್ಲ? ಸತ್ತವರನ್ನು ಕ್ಯಾಮೆರಾ ತೋರಿಸಬಲ್ಲದು. ಸಾಯದೆ ಉಳಿದವರನ್ನು ತೋರಿಸುವುದು ಅದಕ್ಕೆ ಕಷ್ಟ. ಮಧ್ಯಾಹ್ನ ಬದುಕಿ ಸಂಜೆ ಮಾಮೂಲಿನಂತೆ ಚಹಾ ಕುದಿಸುವ ಹೆಂಗಸಿನಲ್ಲಿ ಯಾವ ರೋಚಕತೆಯಿದೆ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಿಮ್ಮ ಮಕ್ಕಳ ಶಾಲೆಯಲ್ಲಿ, ನಿಮ್ಮ ಮಹಿಳಾ ಸಮಾಜದಲ್ಲಿ ಇಂಥ ಸಿನಿಮಾ ಹಾಕಿದರೆ ನೋಡಿ, ಬೇಡವೆನ್ನುವುದಿಲ್ಲ. ಆದರೆ ದೀಪ ಹಾಕಿದ ಕೂಡಲೇ ಎದ್ದು ಹೋಗಬೇಡಿ. ಕೂತು ಮೂರು ಪ್ರಶ್ನೆ ಕೇಳಿ. ಈ ಬಿಸಿಯನ್ನು ಮಾಡಿದವರು ಯಾರು, ಅವರ ಹೆಸರನ್ನು ಸಿನಿಮಾ ಹೇಳಿತೇ? ಈ ಬಿಸಿಯಿಂದ ಯಾರ ಕೆಲಸದ ಗಂಟೆಗಳು ಹೆಚ್ಚಾದವು, ಅವರ ಮುಖವನ್ನು ತೋರಿಸಿತೇ? ನಾಳೆ ಬೆಳಿಗ್ಗೆ ನಮ್ಮ ಊರಿನಲ್ಲಿ ಯಾರ ಬಾಗಿಲು ತಟ್ಟಬೇಕು, ಅದನ್ನು ತಿಳಿಸಿತೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ನೀವು ನೋಡಿದ್ದು ಪ್ರಳಯದ ಹರಿಕಥೆ.

ಮೂರನೆಯ ಪ್ರಶ್ನೆಯ ಉತ್ತರ ಸಿನಿಮಾದಲ್ಲಿ ಇಲ್ಲದಿದ್ದರೂ ನಮಗೆ ಗೊತ್ತಿದೆ. ನಗರಸಭೆಯ ವಾರ್ಡು ಸದಸ್ಯರ ಮನೆ ಎಲ್ಲಿದೆಯೆಂದು ನಮಗೆ ಗೊತ್ತು. ಟ್ಯಾಂಕರ್ ಶಾಲೆಯ ಗಂಟೆಗೆ ಬರಬಾರದು, ಸಂಜೆ ಬರಬೇಕು. ಬಿಸಿಲು ನಿಭಾಯಿಸುವ ಯೋಜನೆ ನಮ್ಮ ಊರಿಗೂ ಬೇಕು. ಅದನ್ನು ಬರೆಯುವಾಗ ಅಡುಗೆಮನೆಯ ಬಿಸಿಯೂ ಅದರಲ್ಲಿ ಇರಬೇಕು. ಇದನ್ನು ಬರೆದು, ಹತ್ತು ಜನ ಸಹಿ ಹಾಕಿ, ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಂಡು ಬನ್ನಿ. ಜೊತೆಗೆ ಮಗಳನ್ನು ಕರೆದುಕೊಂಡು ಹೋಗಿ. ಕೊಡ ಹಿಡಿಸಲು ಮಗನನ್ನು ನಿಲ್ಲಿಸಿದರಾಯಿತು.